ಹದಿನೈದು ಕಿಲೋ ದಾಳಿಂಬೆ, ಒಂದು ಬಾಟಲಿ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಟೀ ತಟ್ಟೆ.

ಶುಕ್ರವಾರ ಸಂಜೆ ಉಮ್ ಫವಾಜ್ ಅವರ ಅಂಗಳದಲ್ಲಿ ಎಲ್ಲರೂ ಟೀ ಕುಡಿದು ಮುಗಿಸಿದ್ದರು. ಬೂಜ್ಮಾ ಮೇಷ್ಟ್ರು ಖಾಲಿ ಲೋಟಗಳ ತಟ್ಟೆ ಎತ್ತಿಕೊಂಡು ಅಡುಗೆಮನೆಯ ಕಡೆ ಮೂರು ಹೆಜ್ಜೆ ಇಟ್ಟರು, ಅಷ್ಟೆ. ಮನೆಗೆ ಕಳ್ಳ ನುಗ್ಗಿದ ಹಾಗೆ ನಾಲ್ಕು ಜನ ಒಟ್ಟಿಗೆ ಎದ್ದು ನಿಂತರು.

"ಅಯ್ಯೋ, ಇಡಿ ಮೇಷ್ಟ್ರೇ ಕೆಳಗೆ!" ಎಂದು ಉಮ್ ಫವಾಜ್ ಕೂಗಿಕೊಂಡರು. "ನೀವು ಅತಿಥಿ. ಅತಿಥಿ ಕೈಲಿ ಲೋಟ ಎತ್ತಿಸಿದ್ವಿ ಅಂತ ಊರಿಗೆ ಗೊತ್ತಾದ್ರೆ ನಾವು ಮುಖ ಎಲ್ಲಿ ಇಟ್ಕೊಳ್ಳೋಣ?"

ಮೊರಾಕ್ಕೋದ ಮೆಕ್ನೆಸ್ಸಿನಿಂದ ಜೋರ್ಡನ್ನಿನ ಈ ಗುಡ್ಡದೂರು ಸಲ್ತ್‌ಗೆ ಫ್ರೆಂಚ್ ಪಾಠ ಹೇಳಲು ಬಂದು ಮೇಷ್ಟ್ರಿಗೆ ಎರಡು ವರ್ಷ ಎಂಟು ತಿಂಗಳಾಗಿತ್ತು. ಅಷ್ಟು ದಿನವೂ ಅವರು ಅತಿಥಿಯೇ. ಕೂರಲು ಮೆತ್ತನೆಯ ದಿಂಬು, ತಟ್ಟೆಯಲ್ಲಿ ಎಲ್ಲರಿಗಿಂತ ದೊಡ್ಡ ಮಾಂಸದ ತುಂಡು. ನೀರಿನ ಟ್ಯಾಂಕಿಗಾಗಿ ಬೀದಿಯೆಲ್ಲ ಕಿತ್ತಾಡುತ್ತಿದ್ದರೆ ಅವರು ಕಾಣಿಸಿದ ಕೂಡಲೇ ಗಪ್‌ಚಿಪ್. ಮನೆಯೊಡತಿಯ ಮಗ ಫವಾಜನ ಮದುವೆಯಲ್ಲಿ ಬೀದಿಯ ಗಂಡಸರೆಲ್ಲ ಕುರ್ಚಿ ಹೊತ್ತು ಬೆವರಿದರೆ, ಮೇಷ್ಟ್ರನ್ನು ಅದರಲ್ಲೊಂದು ಕುರ್ಚಿಯ ಮೇಲೆ ಕೂರಿಸಿ ಶರಬತ್ತು ಕೊಟ್ಟಿದ್ದರು. ಒಬ್ಬರಾದರೂ ತಮ್ಮನ್ನು ಬೈಯಬಾರದೇ ಎಂದು ಅವರಿಗೆ ಅನ್ನಿಸತೊಡಗಿತ್ತು. ಈ ಸುಖ ಅವರಿಗೆ ಸಾಕುಸಾಕಾಗಿಹೋಗಿತ್ತು.

"ನಾನು ಅತಿಥಿ ಅಲ್ಲ ಅಂತ ಆಗೋದು ಯಾವಾಗ ದೊಡ್ಡಮ್ಮ?" ಎಂದು ಅವರು ತಟ್ಟೆ ಹಿಡಿದುಕೊಂಡೇ ಕೇಳಿದರು.

ಉತ್ತರ ಬಂದದ್ದು ಅಬೂ ಗಾಲಿಬ್ ಅವರಿಂದ. ಸೈನ್ಯದಲ್ಲಿ ಆರುನೂರು ಜನಕ್ಕೆ ಅಡುಗೆ ಮಾಡಿ ನಿವೃತ್ತರಾದ ಮನುಷ್ಯ. ಬಾಣಲೆಯ ವಿಷಯದಲ್ಲಿ ಬೀದಿಗೆಲ್ಲ ಅವರದೇ ತೀರ್ಪು. "ಚಳಿ ಬೀಳೋ ಮುಂಚೆ ಈ ಬೀದೀಲಿ ಎಲ್ಲರ ಮನೇಲೂ ದಾಳಿಂಬೆ ಪಾಕ ಕಾಯಿಸ್ತಾರೆ ಮೇಷ್ಟ್ರೇ. ಯಾರ ಕಪಾಟಲ್ಲಿ ಸ್ವಂತ ಬಾಟಲಿ ಇಲ್ವೋ ಅವರು ಅತಿಥಿ. ಅಷ್ಟೇ ಲೆಕ್ಕ."

"ಹಾಗಾದ್ರೆ ನಾಳೆ ನಾನೂ ಕಾಯಿಸ್ತೀನಿ."

ಎಲ್ಲರೂ ನಕ್ಕರು. ಅದೂ ಮರ್ಯಾದೆಯಿಂದ, ಬಾಯಿಗೆ ಕೈ ಅಡ್ಡ ಹಿಡಿದು. ಮೇಷ್ಟ್ರಿಗೆ ಇನ್ನೂ ಉರಿದುಹೋಯಿತು. ಕೊನೆಗೆ ಉಮ್ ಫವಾಜ್ ಷರತ್ತು ಹಾಕಿದರು. "ಆಗಲಿ. ನಾಳೆ ಸೂರ್ಯ ಮುಳುಗೋದ್ರೊಳಗೆ ಒಂದು ಬಾಟಲಿ. ಯಾರ ಕೈಯೂ ಸೋಕಬಾರದು. ಗೆದ್ರೆ ನೀವು ನಮ್ಮ ಬೀದಿಯೋರು. ಸೋತ್ರೆ ಸಾಯೋವರೆಗೂ ದಿಂಬಿಗೆ ಒರಗಿ ಕೂತಿರಬೇಕು."

ಅಬೂ ಗಾಲಿಬ್ ಅವರನ್ನು ತೀರ್ಪುಗಾರರನ್ನಾಗಿ ನೇಮಿಸಲಾಯಿತು.

ಶನಿವಾರ ಬೆಳಿಗ್ಗೆ ಏಳಕ್ಕೇ ಮೇಷ್ಟ್ರು ರೈತರ ಸಂತೆಯಲ್ಲಿದ್ದರು. ಹಸಿರು ಆಲಿವ್ ಕಾಯಿ, ಕುಂಬಳ, ಹೊಸ ಅಕ್ರೋಟುಗಳನ್ನು ದಾಟಿ ನೇರವಾಗಿ ಮಿತ್ಕಾಲ್ ಎಂಬ ರೈತನ ದಾಳಿಂಬೆ ರಾಶಿಯ ಮುಂದೆ ನಿಂತರು.

"ಪಾಕಕ್ಕೆ ಆಗೋ ಹುಳಿ ದಾಳಿಂಬೆ. ಹದಿನೈದು ಕಿಲೋ."

ಮಿತ್ಕಾಲ್ ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದ. "ನೀವು ಉಮ್ ಫವಾಜ್ ಮನೇಲಿ ಬಾಡಿಗೆಗಿರೋ ಮೊರಾಕ್ಕೋ ಮೇಷ್ಟ್ರಲ್ವಾ? ಇಷ್ಟು ಹಣ್ಣು ಯಾರಿಗೆ?"

"ನನಗೇ. ಎಷ್ಟಾಯ್ತು?"

"ಎಷ್ಟೂ ಆಗ್ಲಿಲ್ಲ. ನಮ್ಮೂರ ಅತಿಥಿ ಹತ್ರ ದುಡ್ಡು ಇಸ್ಕೊಳ್ತೀನಾ? ನೀವು ಮನೆಗೆ ನಡೀರಿ, ಪೆಟ್ಟಿಗೆ ನಾನೇ ತಂದು ಇಳಿಸಿ, ಹಣ್ಣು ಬಿಡಿಸಿಯೂ ಕೊಟ್ಟು ಬರ್ತೀನಿ."

ಬೇರೆಯವರ ಕೈ ಸೋಕಿದರೆ ಮುಗಿಯಿತಲ್ಲ. ಹೊಸಿಲು ದಾಟುವ ಮೊದಲೇ ಸೋಲು! ಮೇಷ್ಟ್ರು ಜೇಬಿನಲ್ಲಿದ್ದ ನೋಟುಗಳನ್ನು ತಕ್ಕಡಿಯೊಳಗೆ ಎಸೆದು, ಮರದ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಓಟ ಕಿತ್ತರು.

"ಹಿಡೀರಿ! ಹಿಡೀರಿ ಅವರನ್ನ!" ಎಂದು ಮಿತ್ಕಾಲ್ ಕೂಗುತ್ತ ಹಿಂದೆಯೇ ಓಡಿದ.

ಸಂತೆಯವರಿಗೆ ಅಷ್ಟು ಸಾಕಾಯಿತು. ಈರುಳ್ಳಿಯವನು, ಚೀಸ್ ಮಾರುವವಳು, ಕ್ಷೌರದಂಗಡಿಯಿಂದ ಅರ್ಧ ಗಡ್ಡದ ಗಿರಾಕಿ, ಎಲ್ಲರೂ ಬೆನ್ನಟ್ಟಿದರು. "ಏನ್ ಕದ್ದ?" ಎಂದು ಒಬ್ಬ ಕೇಳಿದರೆ, "ಏನೂ ಕದ್ದಿಲ್ಲ, ದುಡ್ಡು ಕೊಟ್ಬಿಟ್ಟು ಓಡ್ತಿದಾರೆ!" ಎಂದು ಮಿತ್ಕಾಲ್ ಏದುಸಿರು ಬಿಡುತ್ತ ಹೇಳಿದ. ಇಂಥ ಅಪರಾಧಕ್ಕೆ ಏನು ಶಿಕ್ಷೆ ಎಂದು ತಿಳಿಯದೆ ಜನ ಗೊಂದಲಕ್ಕೆ ಬಿದ್ದರೂ ಓಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮೇಷ್ಟ್ರ ಮನೆಗೆ ಎಂಬತ್ತೆರಡು ಮೆಟ್ಟಿಲು. ಅರವತ್ತನೆಯದರಲ್ಲಿ ಪೆಟ್ಟಿಗೆಯ ತಳ ಕಿತ್ತುಕೊಂಡಿತು. ಹದಿನೈದು ಕಿಲೋ ದಾಳಿಂಬೆ ಧಡಧಡನೆ ಕೆಳಗಿಳಿದು ಬೆನ್ನಟ್ಟಿ ಬರುತ್ತಿದ್ದವರ ಕಾಲಿಗೆ ಸಿಕ್ಕಿತು. ಅರ್ಧ ಗಡ್ಡದವನು ಕುಂಡಿ ಊರಿ ಕೂತ. ಆಮೇಲೆ ಎಲ್ಲರೂ ಸೇರಿ, ಸ್ಕರ್ಟು, ಟೋಪಿ, ಕ್ಷೌರದ ಸೋಪಿನ ಟವೆಲ್ಲು, ಸಿಕ್ಕಿದ್ದರಲ್ಲೆಲ್ಲ ಹಣ್ಣು ತುಂಬಿಕೊಂಡು ಮೆರವಣಿಗೆಯಲ್ಲಿ ಮೇಲೆ ಬಂದರು.

"ಆಟ ಮುಗೀತು," ಎಂದರು ಉಮ್ ಫವಾಜ್ ಬಾಗಿಲಲ್ಲೇ. "ಊರೇ ಕೈ ಹಾಕಿದೆ."

ಅಬೂ ಗಾಲಿಬ್ ಮೀಸೆ ಸವರಿಕೊಂಡರು. "ಹೆಕ್ಕೋದು ಬೇರೆ, ಅಡುಗೆ ಬೇರೆ. ಹಣ್ಣಿನ್ನೂ ಹಣ್ಣಾಗೇ ಇದೆ. ಮುಂದುವರೀಲಿ."

ಮೇಷ್ಟ್ರು ಒಳಗೆ ಹೋಗಿ ಚಿಲಕ ಜಡಿದುಕೊಂಡರು. ಹಣ್ಣುಗಳನ್ನು ಅರ್ಧಕ್ಕೆ ಕುಯ್ದು, ಬೋರಲು ಹಿಡಿದು, ಮರದ ಸೌಟಿನಿಂದ ಬೆನ್ನಿಗೆ ಬಾರಿಸಿದರು. ಕಾಳುಗಳು ಪಾತ್ರೆಗೆ ಬಿದ್ದವು. ರಸ ಗೋಡೆಗೆ, ಗಡಿಯಾರಕ್ಕೆ, ಬಿಳಿ ಅಂಗಿಗೆ, ಕನ್ನಡಕಕ್ಕೆ ಹಾರಿತು. ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯ ದರ್ಜಿ ರಬಾಬ್ ಕಿಟಕಿಯಿಂದ ಇಣುಕಿದವಳು, ಅಡಿಯಿಂದ ಮುಡಿವರೆಗೆ ಕೆಂಪಾಗಿ ಕೈಯಲ್ಲಿ ಚಾಕು ಹಿಡಿದು ನಿಂತಿದ್ದ ಮೇಷ್ಟ್ರನ್ನು ಕಂಡು ಕಿಟಾರನೆ ಕಿರುಚಿದಳು.

"ಮೇಷ್ಟ್ರು ಕೈ ಕುಯ್ಕೊಂಡ್ರು! ಯಾರಾದ್ರೂ ಬನ್ರೋ!"

ಯಾರೂ ಬರುವ ಮೊದಲೇ ಅವಳೇ ಹತ್ತಿ, ಅಯೋಡಿನ್ ಸಮೇತ ಕಿಟಕಿಯಿಂದ ಒಳಗಿಳಿದಳು. "ಇದು ರಕ್ತ ಅಲ್ಲ ತಾಯಿ, ರಸ" ಎಂದು ಮೇಷ್ಟ್ರು ಎಷ್ಟು ಹೇಳಿದರೂ ಕೇಳದೆ ಅವರ ಎಡಗೈಯ ಐದೂ ಬೆರಳಿಗೆ ಬ್ಯಾಂಡೇಜು ಸುತ್ತಿದಳು. ಸುತ್ತಿ ಮುಗಿಸಿ, ಮಾತಾಡುತ್ತ ಮಾತಾಡುತ್ತ, ಹೋಳೊಂದನ್ನು ಎತ್ತಿಕೊಂಡು ಕಾಳು ಬಿಡಿಸಲು ಶುರುಮಾಡಿದಳು. ಪಾಪ, ಅದು ಅವಳ ತಪ್ಪಲ್ಲ. ಆ ಬೀದಿಯಲ್ಲಿ ಹೆಂಗಸರ ಕೈ ದಾಳಿಂಬೆ ಕಂಡರೆ ಸುಮ್ಮನಿರುವುದಿಲ್ಲ.

"ನೋಡ್ದೆ! ಏಳು ಕಾಳು!" ಎಂಬ ಉಮ್ ಫವಾಜ್ ಅವರ ದನಿ ತಾರಸಿಯ ಬೆಳಕಿಂಡಿಯಿಂದ ಬಂತು. ಸಲ್ತ್‌ನಲ್ಲಿ ಒಬ್ಬರ ಮನೆಯ ತಾರಸಿ ಇನ್ನೊಬ್ಬರ ಅಂಗಳ. ಮೇಲೆ ಅವರೂ ಅಬೂ ಗಾಲಿಬ್ ಅವರೂ ಬೋರಲು ಮಲಗಿ ಬೆಳಿಗ್ಗೆಯಿಂದ ಕಾವಲು ಕಾಯುತ್ತಿದ್ದರು.

ತೀರ್ಪುಗಾರರು ಯೋಚಿಸಿ ಹೇಳಿದರು, "ಆ ಏಳು ಕಾಳು ರಬಾಬ್ ತಿಂದ್ಬಿಡ್ಲಿ."

ರಬಾಬ್ ಏಳು ಕಾಳನ್ನೂ ಎಣಿಸಿ ತಿಂದು, ಮುಖ ಹುಳ್ಳಗೆ ಮಾಡಿಕೊಂಡು, ಬಂದ ದಾರಿಯಲ್ಲೇ ಹೋದಳು.

ಹಿಂಡಿ ಸೋಸಿದ ಮೇಲೆ ಐದೂವರೆ ಲೀಟರ್ ರಸ ಸಿಕ್ಕಿತು. ಅದು ಐದನೇ ಒಂದು ಪಾಲಿಗೆ ಇಳಿಯುವವರೆಗೂ ಸಣ್ಣ ಉರಿಯಲ್ಲಿ ಕುದಿಯಬೇಕು. ಮೇಷ್ಟ್ರು ಒಲೆಯ ಮುಂದೆ ನಿಂತು ತಿರುವಿದರು. ಘಮ ಎದ್ದು ಬೀದಿಯೆಲ್ಲ ಹಬ್ಬಿತು. ಬೆಳಕಿಂಡಿಯಲ್ಲಿ ಅಬೂ ಗಾಲಿಬ್ ಅವರ ಸಂಕಟ ನೋಡಲಾಗುತ್ತಿರಲಿಲ್ಲ. "ಉರಿ..." ಎನ್ನುವರು, ತೀರ್ಪುಗಾರ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಳ್ಳುವರು. "ನೊರೆ..." ಎನ್ನುವರು, ಟೋಪಿಯನ್ನು ಬಾಯಿಗೆ ತುರುಕಿಕೊಳ್ಳುವರು. ಆರುನೂರು ಜನಕ್ಕೆ ಅಡುಗೆ ಮಾಡಿದವರಿಗೆ ಒಬ್ಬನ ಅಡುಗೆ ಸುಮ್ಮನೆ ನೋಡುವುದು ಎಷ್ಟು ಕಷ್ಟ!

ಮೂರೂವರೆಗೆ ಗ್ಯಾಸ್ ಮುಗಿಯಿತು.

ಪಾತ್ರೆಯಲ್ಲಿ ಇನ್ನೂ ಮೂರು ಲೀಟರ್ ತೆಳ್ಳನೆಯ ರಸ. ಮೇಲಿನ ಕಿಂಡಿಯಲ್ಲಿ ನೆರೆಹೊರೆಯವರ ಮೂರು ಮುಖ ಮೂಡಿದವು. "ನಮ್ಮನೇದು ಹೊಸ ಸಿಲಿಂಡರ್ ಇದೆ ಮೇಷ್ಟ್ರೇ!" "ನಮ್ಮನೆ ಒಲೆ ಉರೀತಾನೇ ಇದೆ, ಪಾತ್ರೆ ಕೊಡಿ ಸಾಕು!" ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಒಪ್ಪಿಕೊಂಡುಬಿಡೋಣ ಎನ್ನಿಸಿತು. ಆದರೆ ಒಪ್ಪಿದರೆ ಆ ದಿಂಬು, ಆ ಶರಬತ್ತು, ಆ ಗಪ್‌ಚಿಪ್, ಮತ್ತೆ ಜೀವನಪೂರ್ತಿ.

"ಯಾರೂ ಮುಟ್ಟಬೇಡಿ!" ಎಂದು ಅವರು ಗುಡುಗಿದರು. ಅವರಿಗೆ ಗುಡುಗಲು ಬರುತ್ತದೆಂದು ಅವತ್ತೇ ಬೀದಿಗೆ ಗೊತ್ತಾದದ್ದು.

ಪಾತ್ರೆಯನ್ನು ಅಂಗಳಕ್ಕೆ ಹೊತ್ತು ತಂದರು. ಮೂರು ಕಲ್ಲು ಹೂಡಿದರು. ಮುರಿದ ಪೆಟ್ಟಿಗೆಯ ಹಲಗೆ ಉರಿಯಿತು. ಅದು ಸಾಲದೆ ಒಂದು ಕುರ್ಚಿಯ ಕಾಲು ಉರಿಯಿತು. ಅದೂ ಸಾಲದಾದಾಗ ಒಳಗೆ ಹೋಗಿ, ಎರಡೂವರೆ ವರ್ಷದಿಂದ ಕೂಡಿಹಾಕಿದ್ದ ಫ್ರೆಂಚ್ ಉತ್ತರಪತ್ರಿಕೆಗಳ ಕಟ್ಟುಗಳನ್ನು ತಂದರು. ಸೊನ್ನೆ ಬಂದವು ಜೋರಾಗಿ ಉರಿದವು. ಸುತ್ತಿನ ನಾಲ್ಕು ತಾರಸಿಗಳಲ್ಲೂ ಜನ ಸಾಲಾಗಿ ನಿಂತರು. ಒಬ್ಬ ಮನುಷ್ಯ ಹೊಗೆಯಲ್ಲಿ ಕೆಮ್ಮುತ್ತಿದ್ದರೂ ಕೈ ಕಟ್ಟಿ ನೋಡುವುದು ಆ ಬೀದಿಗೆ ಹೊಸ ಹಿಂಸೆ. ಉಮ್ ಫವಾಜ್ ತಮ್ಮ ಎರಡೂ ಕೈಗಳ ಮೇಲೆ ಕೂತುಬಿಟ್ಟಿದ್ದರು.

ಸೂರ್ಯ ಗುಡ್ಡದ ಹಿಂದೆ ಜಾರುತ್ತಿದ್ದಾಗ ಸೌಟಿನಿಂದ ಪಾಕ ಎಳೆಯಾಗಿ ಇಳಿಯಿತು, ಕಪ್ಪಗೆ, ಹೊಳೆಯುತ್ತ. ಬಾಟಲಿಗೆ ಸುರಿದರೆ ಕತ್ತಿನವರೆಗೆ ಒಂದೇ ಒಂದು ಬಾಟಲಿ ತುಂಬಿತು. ಪಾತ್ರೆಯ ತಳದಲ್ಲಿ ಒಂದು ಚಮಚ ಉಳಿಯಿತು.

ಆ ಚಮಚವನ್ನು ಮೆಟ್ಟಿಲ ಕಟ್ಟೆಯ ಮೇಲೆ ಎಲ್ಲರೆದುರು ಉಮ್ ಫವಾಜ್ ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು.

"ಹುಳಿ ಸರಿ ಇದೆ. ಸಿಹಿ ಸರಿ ಇದೆ. ಸ್ವಲ್ಪ ಹೊಗೆ ವಾಸನೆ," ಎಂದರು. ಕಣ್ಣು ಬಿಟ್ಟಾಗ ಅವು ಒದ್ದೆಯಾಗಿದ್ದವು. "ನಮ್ಮಮ್ಮ ಸೌದೆ ಒಲೇಲಿ ಮಾಡ್ತಿದ್ದಳು ನೋಡು, ಥೇಟ್ ಹಾಗೇ ಇದೆ ಕಣೋ ಬೂಜ್ಮಾ."

ಕಣೋ! ಮೇಷ್ಟ್ರಿಗೆ ಮೈ ಜುಮ್ಮೆಂದಿತು. ಹೆಂಗಸರು ಸಂಭ್ರಮಕ್ಕೆ ನಾಲಿಗೆ ಆಡಿಸಿ ಲುಲುಲು ಎಂದು ಉಲಿದರು. ಅಬೂ ಗಾಲಿಬ್ ಮೇಷ್ಟ್ರ ಬೆನ್ನಿಗೆ ಒಂದು ಗುದ್ದು ಗುದ್ದಿ, "ಉರಿ ಜಾಸ್ತಿ ಇಟ್ಟಿದ್ದೆ ಕತ್ತೆ! ಬೆಳಿಗ್ಗೆಯಿಂದ ಹೇಳ್ಬೇಕು ಅಂತ ಸಾಯ್ತಿದ್ದೆ!" ಎಂದರು. ಕತ್ತೆ ಎನ್ನಿಸಿಕೊಂಡು ಅಷ್ಟು ಸಂತೋಷಪಟ್ಟ ಮನುಷ್ಯ ಸಲ್ತ್‌ನಲ್ಲಿ ಹಿಂದೆ ಇರಲಿಲ್ಲ. ಬಾಟಲಿಯನ್ನು ಎದೆಗವಚಿಕೊಂಡ ಬೂಜ್ಮಾ ಮನಸ್ಸಿನಲ್ಲೇ ಅದಕ್ಕೆ ಕಪಾಟಿನಲ್ಲಿ ಜಾಗ ಹುಡುಕಿದರು. ನಾಳೆ ಬೇಳೆ, ಬದನೆಕಾಯಿಗೆ ಈ ಪಾಕ ಹಾಕಿ ಬೇಯಿಸಿ ಬೀದಿಯನ್ನೆಲ್ಲ ಊಟಕ್ಕೆ ಕರೆಯಬೇಕು. ತಾನೇ ಬಡಿಸಬೇಕು.

ಅಷ್ಟರಲ್ಲಿ ಕೆಳಗೆ ಒಂದು ಟ್ಯಾಕ್ಸಿ ನಿಂತಿತು. ಅಬೂ ಗಾಲಿಬ್ ಅವರ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದವನು, ಯೋರಿಸ್ ಎಂಬ ಎತ್ತರದ ಹಾಲೆಂಡಿನ ಹುಡುಗ. ಊರಿನ ಹಳೆಯ ಕಲ್ಲುಮನೆಗಳ ಅಳತೆ ತೆಗೆಯಲು ಬಂದಿದ್ದ. ಕಬ್ಬಿಣದ ದೊಡ್ಡ ಟ್ರಂಕೊಂದನ್ನು ಕೆಳಗೇ ಬಿಟ್ಟು, ಜನರ ಗುಂಪು ಕಂಡು ಹತ್ತಿ ಬಂದ. ಬಂದವನ ಕಣ್ಣು ನೇರ ಬಾಟಲಿಯ ಮೇಲೆ ಬಿತ್ತು.

"ಅದೇನದು? ಬಹಳ ಸುಂದರವಾಗಿದೆ," ಎಂದ, ಪುಸ್ತಕದಿಂದ ಕಲಿತ ಅರಬ್ಬಿಯಲ್ಲಿ.

ಬೀದಿ ಪೂರ್ತಿ ಬೂಜ್ಮಾ ಕಡೆ ತಿರುಗಿತು. ಹೊಸಬ ಮೆಚ್ಚಿದ ವಸ್ತು ಕೈಯಲ್ಲಿದ್ದಾಗ ಊರಿನವನು ಏನು ಹೇಳಬೇಕೆಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಹೊಸಬ ಏನು ಹೇಳಬೇಕೆಂಬುದೂ ಗೊತ್ತು: ಛೆ ಛೆ ಬೇಡ ಎಂದು ಮೂರು ಸಲ. ಆಮೇಲೆ ಅವರವರ ವಸ್ತು ಅವರವರ ಮನೆಗೆ. ಬೂಜ್ಮಾ ಎದೆ ಉಬ್ಬಿಸಿ, ಎರಡೂ ಕೈಯಲ್ಲಿ ಬಾಟಲಿ ಮುಂದೆ ಹಿಡಿದು, ಜೀವಮಾನದ ಮೊದಲ ಸಲ ಸಲ್ತ್‌ನ ಮನೆಯೊಡೆಯನಾಗಿ ನುಡಿದರು.

"ತಗೊಳ್ಳಿ. ಇದು ನಿಮ್ಮದೇ."

"ಆಗಲಿ, ತಮ್ಮ ಔದಾರ್ಯಕ್ಕೆ ಧನ್ಯವಾದಗಳು," ಎಂದು ಯೋರಿಸ್ ಬಾಟಲಿ ತೆಗೆದುಕೊಂಡು ಚೀಲದೊಳಗಿಟ್ಟು ಜಿಪ್ಪು ಎಳೆದ.

ಜಿಪ್ಪಿನ ಸದ್ದು ಎಲ್ಲರಿಗೂ ಕೇಳಿಸಿತು. ಬೂಜ್ಮಾ ಅವರ ಎರಡೂ ಕೈ ಹಾಗೆಯೇ ಗಾಳಿಯಲ್ಲಿ ನಿಂತಿದ್ದವು. ಅಬೂ ಗಾಲಿಬ್ ಟೋಪಿ ತೆಗೆದರು. ರಬಾಬ್ ಕಣ್ಣೊರೆಸಿಕೊಂಡಳು. ಆಮೇಲೆ ಉಮ್ ಫವಾಜ್ ಗಂಟಲು ಹರಿಯುವ ಹಾಗೆ ಉಲಿದರು, ಹಿಂದೆಯೇ ಬೀದಿಯೆಲ್ಲ. ಇದ್ದ ಒಂದೇ ಬಾಟಲಿಯನ್ನು ಮರುಮಾತಿಲ್ಲದೆ ಅತಿಥಿಗೆ ಕೊಟ್ಟವನು ಆ ಬೀದಿಯಲ್ಲಿ ಹಿಂದೆ ಹುಟ್ಟಿರಲಿಲ್ಲವಂತೆ.

"ಲೋ ಬೂಜ್ಮಾ," ಎಂದರು ಉಮ್ ಫವಾಜ್ ಕೊನೆಗೆ, ಹೊಸಬನನ್ನು ಮೆತ್ತನೆಯ ದಿಂಬಿನ ಮೇಲೆ ಕೂರಿಸುತ್ತ, "ಕಂಬದ ಹಾಗೆ ನಿಂತಿದ್ದೀಯಲ್ಲ, ಕಣ್ಣು ಕಾಣಿಸಲ್ವಾ? ಅತಿಥಿ ಟ್ರಂಕು ಕೆಳಗೇ ಇದೆ. ಹೊತ್ಕೊಂಡು ಬಾ."

ಬೂಜ್ಮಾ ಎಂಬತ್ತೆರಡು ಮೆಟ್ಟಿಲು ಇಳಿದು ಟ್ರಂಕಿಗೆ ಕೈ ಹಾಕಿದರು. ಅದರ ತುಂಬ ಕಲ್ಲುಮನೆಗಳ ಪುಸ್ತಕಗಳೋ ಬರೀ ಕಲ್ಲುಗಳೋ, ಅಲ್ಲಾಡಲೇ ಇಲ್ಲ. ಮೇಲಿನಿಂದ ನಾಲ್ಕು ತಾರಸಿಗಳ ಜನ ಒಟ್ಟಿಗೆ "ಬೇಗ ಬಾರೋ ಸೋಂಬೇರಿ!" ಎಂದು ಬೈಯುತ್ತಿದ್ದರು. ಅವರು ಹಲ್ಲು ಕಚ್ಚಿ ಟ್ರಂಕನ್ನು ಬೆನ್ನಿಗೇರಿಸಿ, ನಗುನಗುತ್ತ ಹತ್ತತೊಡಗಿದರು.