ಸಂಸ್ಥಾಪಕರ ಕುಂಬಳಕಾಯಿ

ವೆಂಡೆಲ್ ಓಸ್ ಮಾಡಿದ ತಪ್ಪು ಇಷ್ಟೇ: ಗ್ರಿಮ್ಸ್‌ಬಿ ಬೀಜ ಕಂಪನಿಯ ಮಾನವನ್ನು ರಸ್ತೆ ಬದಿಯ ಬೆಂಚಿನ ಮೇಲಿಟ್ಟು, ತಳ್ಳುಗಾಡಿ ತರಲು ತೋಟದೊಳಗೆ ಹೋದ.

ಮಾನವೆಂದರೆ ಒಂದು ಕುಂಬಳಕಾಯಿ. ಬೂದುನೀಲಿ ಬಣ್ಣ, ಮೈತುಂಬ ಗಂಟು. ಮುದಿ ಕಪ್ಪೆಯೊಂದು ಉಸಿರು ಬಿಗಿಹಿಡಿದು ಕೂತ ಹಾಗೆ. ಎಬೆನ್ ಗ್ರಿಮ್ಸ್‌ಬಿ ಎಂಬಾತ ಹಿಂದೆ ಇದರ ಬೀಜವನ್ನು ಕೋಟಿನ ಅಂಚಿನೊಳಗೆ ಹೊಲಿದುಕೊಂಡು ಅಮೆರಿಕದ ಐಯೋವಾಕ್ಕೆ ಬಂದಿದ್ದ. ಮೊದಲನೆಯ ಚಳಿಗಾಲದಲ್ಲಿ ಊರಿಗೆ ಊರೇ ಈ ಕಾಯಿ ತಿಂದು ಜೀವ ಉಳಿಸಿಕೊಂಡಿತು. ಹಿಮ ಕರಗಿದ ಮೇಲೆ ಎಬೆನ್ ಅದೇ ಬೀಜವನ್ನು ಪೊಟ್ಟಣ ಕಟ್ಟಿ ಮನೆಮನೆಗೆ ಮಾರಿದ. ಅವನ ಮಕ್ಕಳು ಬಣ್ಣದ ಕ್ಯಾಟಲಾಗ್ ಅಚ್ಚು ಹಾಕಿಸಿದರು. ಅದರ ಮುಖಪುಟದಲ್ಲಿ ಟೋಪಿ ಹಾಕಿದ ಹುಡುಗಿಯರು ಈ ಕಾಯಿಯನ್ನೇ ದೋಣಿ ಮಾಡಿಕೊಂಡು ಹುಟ್ಟು ಹಾಕುತ್ತಿದ್ದರು. ಚಿತ್ರವನ್ನು ನಂಬಿದವರಿಂದ ಕಂಪನಿ ಬೆಳೆಯಿತು.

ಅಂದಿನಿಂದ ಒಂದು ಪದ್ಧತಿ. ಪ್ರತಿ ಅಕ್ಟೋಬರಿನಲ್ಲಿ ಸಂಸ್ಥಾಪಕರ ದಿನದಂದು ಕಂಪನಿಯ ಯಜಮಾನರು ಆ ಕಾಯಿಯ ಒಂದು ಹೋಳನ್ನು ಎಲ್ಲರೆದುರು ತಿನ್ನಬೇಕು. ಉಪ್ಪಿಲ್ಲ, ಬೆಣ್ಣೆಯಿಲ್ಲ, ಬರೀ ಹಬೆಯಲ್ಲಿ ಬೇಯಿಸಿದ್ದು. ಆ ಮೊದಲ ಚಳಿಗಾಲದಲ್ಲಿ ಅವೆರಡೂ ಇರಲಿಲ್ಲವಲ್ಲ!

ವೆಂಡೆಲ್ ಕಂಪನಿಯ ಪ್ರಯೋಗದ ತೋಟ ನೋಡಿಕೊಳ್ಳುವವನು. ಅವನದೇ ಒಂದು ಕರಬೂಜದ ತಳಿ ಇತ್ತು. ವರ್ಷಗಟ್ಟಲೆ ಆರಿಸಿ ಆರಿಸಿ ಬೆಳೆಸಿದ್ದು, ಕೊಯ್ದರೆ ಕೋಣೆಯೆಲ್ಲ ಘಮಘಮ. ಆದರೆ ಅದಕ್ಕೆ ಸಿಕ್ಕಿದ್ದು ಗೊಬ್ಬರದ ಗುಡ್ಡೆಯ ಪಕ್ಕದ ನೆರಳು ಮೂಲೆ. ಬಿಸಿಲು ಸುರಿಯುವ ದಕ್ಷಿಣದ ಪಾತಿ ಸಂಸ್ಥಾಪಕರ ಕುಂಬಳಕ್ಕೇ ಮೀಸಲು. ಇವತ್ತು ಸಮಾರಂಭ ಸಾಂಗವಾಗಿ ಮುಗಿಸಿ, ಯಜಮಾನಿ ಮಿಸ್ ಗ್ರಿಮ್ಸ್‌ಬಿ ಅವರ ಹತ್ತಿರ ಆ ಪಾತಿ ಕೇಳಿಯೇ ತೀರುವುದೆಂದು ವೆಂಡೆಲ್ ಹಟ ತೊಟ್ಟಿದ್ದ. ಈ ಸಲ ಹುಳ ಬಿದ್ದು ಕುಂಬಳದ ಬಳ್ಳಿಯಲ್ಲಿ ಉಳಿದದ್ದು ಒಂದೇ ಕಾಯಿ.

ಕಳಚಿದ್ದ ಗಾಲಿ ಸರಿಮಾಡಿ, ಗಂಟೆಯ ಮೇಲೆ ತಳ್ಳುಗಾಡಿ ತಂದಾಗ ಬೆಂಚು ಖಾಲಿ.

ಆ ಊರಿನಲ್ಲಿ ಕಳ್ಳರಿಲ್ಲ. ಸುಗ್ಗಿಯಲ್ಲಿ ಜನ ಕಾರಿಗೆ ಬೀಗ ಹಾಕುವುದು ಕೂಡ ಅಕ್ಕಪಕ್ಕದವರು ತಿಂದು ಮಿಕ್ಕ ಜುಕಿನಿ ಎಂಬ ಸೌತೆಯಂಥ ಕಾಯಿಯನ್ನು ಒಳಗೆ ತುಂಬಿಬಿಟ್ಟಾರೆಂಬ ಭಯಕ್ಕೆ. ರಸ್ತೆ ಬದಿಗೆ ತರಕಾರಿ ಇಟ್ಟರೆ 'ದಯವಿಟ್ಟು ಒಯ್ಯಿರಿ' ಎಂದೇ ಅರ್ಥ. ಒಯ್ದವರು ಉಪಕಾರ ಮಾಡಿದ ಲೆಕ್ಕ. ವೆಂಡೆಲ್ ಎದುರು ಮನೆಗೆ ಓಡಿದ.

"ಸಿಗ್ರಿಡ್, ಬೆಂಚಿನ ಮೇಲೊಂದು ಕಾಯಿ..."

"ಓ, ನೀನೇ ಇಟ್ಟಿದ್ದಾ? ಪುಣ್ಯಾತ್ಮ! ಚರ್ಚಿನ ಊಟಕ್ಕೆ ಏನು ಮಾಡ್ಲಿ ಅಂತಿದ್ದೆ." ಸಿಗ್ರಿಡ್ ಪಾತ್ರೆಯ ಮುಚ್ಚಳ ತೆಗೆದಳು. ಕಂಪನಿಯ ಮಾನ ಕುತಕುತ ಕುದಿಯುತ್ತಿತ್ತು. "ಒಡೆಯೋಕೆ ಕೊಡಲಿನೇ ಬೇಕಾಯ್ತು ಕಣಯ್ಯ. ನಮ್ಮನೆಯವರ ಸೊಂಟ ಹಿಡ್ಕೊಂಡಿದೆ. ಯಾಕೋ ಮುಖ ಹಂಗೆ ಮಾಡ್ಕೊಂಡೆ?"

ವಿಷಯ ಕೇಳಿ ಅವಳು ಬಾಯಿಗೆ ಕೈಯಿಟ್ಟುಕೊಂಡಳು. ಮರುಕ್ಷಣ ಅದೇ ಕೈಯಲ್ಲಿ ಫೋನ್ ಎತ್ತಿಕೊಂಡಳು.

ಕಾಫಿ ಆರುವಷ್ಟರಲ್ಲಿ ಊರು ನೆರವಿಗೆ ಬಂತು. ಅದೇ ದೊಡ್ಡ ತೊಂದರೆಯಾಯಿತು. ಒಬ್ಬರು ಕಿತ್ತಳೆ ಬಣ್ಣದ ಕುಂಬಳ ತಂದರೆ ಇನ್ನೊಬ್ಬರು ಪಟ್ಟೆಯದು ತಂದರು. "ಬಣ್ಣ ಬಳಿದ್ರೆ ಯಾರಿಗೆ ಗೊತ್ತಾಗತ್ತೆ?" ಎಂದು ಒಬ್ಬ ಮುದುಕ ಬೇಲಿಗೆ ಹೊಡೆಯುವ ಬಣ್ಣದ ಡಬ್ಬಿಯನ್ನೇ ತಂದ. ಗದ್ದಲದಲ್ಲಿ ಸಿಕ್ಕಿದ್ದೇ ಸಂದರ್ಭವೆಂದು ಮನೆಯ ಜುಕಿನಿಯನ್ನೆಲ್ಲ ವೆಂಡೆಲ್‌ನ ಟ್ರಕ್ಕಿಗೆ ಸುರಿದು ಹಗುರಾದವರೂ ಇದ್ದರು. ಟ್ರಕ್ಕು ಬಸುರಿ ಎಮ್ಮೆಯ ಹಾಗೆ ಹಿಂಗಾಲು ಕುಸಿದು ನಿಂತಿತು.

"ಅಂಥದ್ದೇ ಬೇಕಂದ್ರೆ ರೂಫಸ್ ಹತ್ರ ಇದೆ," ಎಂದಳು ಸಿಗ್ರಿಡ್, ಸ್ವಲ್ಪ ಹಿಂಜರಿಯುತ್ತ.

ರೂಫಸ್ ಆ ಊರಲ್ಲಿದ್ದುಕೊಂಡೇ ಎದುರಾಳಿ ಕಂಪನಿಯ ಬೀಜ ತರಿಸುವ ಏಕೈಕ ಮನುಷ್ಯ. ಆದರೆ ವೆಂಡೆಲ್ ಪಟ್ಟು ಬಿಡುವ ಆಸಾಮಿಯಲ್ಲ. ಹೋದ.

ರೂಫಸ್‌ನ ಅಂಗಳದಲ್ಲಿ ಅದೇ ಬೂದುನೀಲಿ, ಅದೇ ಗಂಟು, ಅದೇ ಗಾತ್ರ!

"ಕೊಡ್ತೀನಪ್ಪ, ಧಾರಾಳವಾಗಿ," ಎಂದ ರೂಫಸ್, ಹಲ್ಲುಕಡ್ಡಿ ಆಡಿಸುತ್ತ. "ಆದ್ರೆ ಗ್ರಿಮ್ಸ್‌ಬಿ ಟೋಪಿ ಹಾಕ್ಕೊಂಡು, ಆ ಬೇಲಿ ಹತ್ರ ನಿಂತು, ಎದುರಾಳಿ ಕಂಪನಿ ಹೈಬ್ರಿಡ್ ಮುಂದೆ ನಮ್ಮ ಗ್ರಿಮ್ಸ್‌ಬಿ ಬೀಜ ಏನೂ ಅಲ್ಲ ಅಂತ ಕೂಗಬೇಕು."

"ಯಾರಾದ್ರೂ ಕೇಳಿಸ್ಕೊಂಡ್ರೆ?"

"ಕೇಳಿಸ್ಲಿ ಅಂತಾನೇ ಅಲ್ವೇನಯ್ಯ ಕೂಗೋದು?"

ಕರಬೂಜವನ್ನು ನೆನೆದು ವೆಂಡೆಲ್ ಕಣ್ಣು ಮುಚ್ಚಿ ಕೂಗಿದ. ಬೇಲಿಯಾಚೆ ಯಾರೋ ಚಪ್ಪಾಳೆ ತಟ್ಟಿದರು. ಕಾಯಿಗೆ ತನ್ನ ತೋಟದ ಮಣ್ಣು ಮೆತ್ತಿ, ಮಗುವಿನಂತೆ ಎದೆಗವಚಿಕೊಂಡು ಸಭಾಂಗಣ ಸೇರಿದಾಗ ಹಬೆಯ ಪಾತ್ರೆ ಕಾಯುತ್ತಿತ್ತು.

ಮಿಸ್ ಗ್ರಿಮ್ಸ್‌ಬಿ ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ ವೇದಿಕೆ ಹತ್ತಿದರು. ಕಣ್ಣು ಬಿಗಿಯಾಗಿ ಮುಚ್ಚಿ ಹೋಳನ್ನು ಬಾಯಿಗಿಟ್ಟರು. ದವಡೆ ಗಕ್ಕನೆ ನಿಂತಿತು. ಅವರು ನಿಧಾನವಾಗಿ ಒಂದು ಕಣ್ಣು ತೆರೆದರು. ಇನ್ನೊಂದು ಹೋಳು ಕೇಳಿದರು. ಆಮೇಲೆ ತಟ್ಟೆಯನ್ನೇ ಹತ್ತಿರಕ್ಕೆ ಎಳೆದುಕೊಂಡರು.

ಇದೇ ಸಮಯವೆಂದು ವೆಂಡೆಲ್ ಹತ್ತಿರ ಹೋದ. "ಮೇಡಂ, ಆ ದಕ್ಷಿಣದ ಪಾತಿ..."

"ನಾನೂ ಅದನ್ನೇ ಹೇಳೋಕೆ ಬಂದೆ, ವೆಂಡೆಲ್." ಅವರು ದನಿ ತಗ್ಗಿಸಿದರು. "ಈ ಕಾಯಿ ಇದೆಯಲ್ಲ, ಚಿಕ್ಕಂದಿನಿಂದ ತಿಂತಿದೀನಿ. ನೆನೆಸಿದ ರಟ್ಟು! ನಮ್ಮ ತಾತ ಹಂಗೇ ನುಂಗಿದ್ರು, ಅಪ್ಪಾನೂ ಹಂಗೇ ನುಂಗಿದ್ರು, ಯಾರೂ ಬಾಯಿ ಬಿಡ್ಲಿಲ್ಲ. ಈ ಸಲ ಹುಳ ಬಿದ್ದಿದೆ ಅಂತ ಕೇಳಿ ನಂಗೆಷ್ಟು ಖುಷಿಯಾಯ್ತು ಗೊತ್ತಾ? ಕಾಯಿ ಇಲ್ಲ ಅಂತ ನೀನು ಒಂದು ಮಾತು ಹೇಳಿದ್ರೆ ಸಾಕು, ಈ ಪದ್ಧತಿ ನಿಲ್ಲಿಸಿ, ಆ ಪಾತಿ ನಿನ್ನ ಕರಬೂಜಕ್ಕೆ ಕೊಡೋದು ಅಂತ ನಿರ್ಧಾರ ಮಾಡ್ಕೊಂಡೇ ಬಂದಿದ್ದೆ."

"ಕೊಡಿ ಮೇಡಂ! ಈಗಲೂ..."

"ಈಗ ಹೆಂಗಪ್ಪ ಕೊಡ್ಲಿ? ಇಷ್ಟು ಕಾಲಕ್ಕೆ ಕಾಯಿ ರುಚಿಗೆ ಬಂದಿದೆ! ದಕ್ಷಿಣದ ಪಾತಿ ಒಂದೇ ಸಾಕಾಗಲ್ಲ. ಗೊಬ್ಬರದ ಪಕ್ಕದ ಮೂಲೆನೂ ಅಗೆದುಬಿಡು. ಇಡೀ ತೋಟಕ್ಕೆ ಇದರ ಬೀಜಾನೇ ಹಾಕು. ಬರೋ ವರ್ಷ ಒಂದೊಂದು ಕಾಯಿಯಲ್ಲೂ ಇದೇ ರುಚಿ ಇರಬೇಕು, ಗೊತ್ತಾಯ್ತಾ?"

ರೂಫಸ್ ಕೊಟ್ಟಂಥ ಹೈಬ್ರಿಡ್ ಕಾಯಿಯಿಂದ ತೆಗೆದ ಬೀಜ ಹಾಕಿದರೆ ಒಂದು ಸೋರೆಯಂತೆ, ಒಂದು ಚೆಂಡಿನಂತೆ, ಒಂದೊಂದು ಒಂದೊಂದು ರುಚಿಯಲ್ಲಿ ಹುಟ್ಟುತ್ತದೆ ಎಂಬುದು ವೆಂಡೆಲ್‌ಗೆ ಗೊತ್ತಿದ್ದಷ್ಟು ಚೆನ್ನಾಗಿ ಆ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಗಟ್ಟಿ ಮನಸ್ಸು ಮಾಡಿ ಅವನು ಬಾಯಿ ತೆರೆದ.

"ಮೇಡಂ, ನಿಜ ಹೇಳ್ಬೇಕು ಅಂದ್ರೆ..."

"ಮೊದಲು ತಿನ್ನು, ಆಮೇಲೆ ಹೇಳುವೆಯಂತೆ," ಎಂದು ಅವರು ತೆರೆದ ಬಾಯಿಗೆ ದೊಡ್ಡದೊಂದು ಹೋಳು ತುರುಕಿದರು.

ಬಾಯಿ ತುಂಬಿದ್ದರಿಂದ ವೆಂಡೆಲ್‌ಗೆ ನಿಜ ಹೇಳಲಾಗಲಿಲ್ಲ. ನುಂಗಿದ ಮೇಲೆ ಹೇಳಲು ಮನಸ್ಸಾಗಲಿಲ್ಲ. ಅಷ್ಟು ಚೆನ್ನಾಗಿತ್ತು.