ಗ್ಯಾಸ್ ಕಿಟಕಿಯಲ್ಲಿ ಸೌಜನ್ಯ

ಮನುಷ್ಯ ಸಿಹಿಯಾಗಿ ಮಾತಾಡಬೇಕು ಅಂತ ಹಿರಿಯರು ಹೇಳುತ್ತಾರೆ. ಹೇಳಲಿ ಪಾಪ, ಅವರೇನು ಗ್ಯಾಸ್ ಏಜೆನ್ಸಿಯ ಕಿಟಕಿಯಲ್ಲಿ ಕೂತವರಲ್ಲ. ನಾನು ಕೂತವನು. ಖಾನಾಪುರದ ಬಸ್‌ಸ್ಟ್ಯಾಂಡಿನ ಬಾಜು ಇದ್ದ ನಮ್ಮ ಏಜೆನ್ಸಿಯಲ್ಲಿ ಸಿಲಿಂಡರ್ ಬುಕ್ ಮಾಡಿಕೊಳ್ಳುವ ಕಿಟಕಿ ನನ್ನದು. ಆ ಕಾಲದಲ್ಲಿ ಗ್ಯಾಸ್ ಬೇಕೆಂದವರು ಹೆಣ್ಣು ಕೇಳಲಿಕ್ಕೆ ಬಂದ ಬೀಗರ ಹಾಗೆ ಮೆತ್ತಗೆ ಬರುತ್ತಿದ್ದರು, ನಾನು ಹೆಣ್ಣಿನ ಸೋದರಮಾವನ ಹಾಗೆ ಮುಖ ಗಂಟು ಹಾಕಿಕೊಂಡು ಕೂಡುತ್ತಿದ್ದೆ. "ಒಲಿ ಆರಿದ ಮ್ಯಾಲ ನೆನಪಾತೇನು? ಇಷ್ಟ ದಿನ ಎಲ್ಲಿ ಹೋಗಿದ್ದಿ? ನಡಿ, ಮಂಗಳವಾರ ಬರತೈತಿ" ಎಂದು ಗದರುತ್ತಿದ್ದೆ. ಅವರು "ಆತ್ರಿ ಸಾಹೇಬ್ರ" ಎಂದು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ಮಂಗಳವಾರ ಸಿಲಿಂಡರ್ ಹೋಗುತ್ತಿತ್ತು. ಇದರಲ್ಲಿ ಯಾರ ಮನಸ್ಸೂ ನೋಯುತ್ತಿರಲಿಲ್ಲ. ದಿನವಿಡೀ ಒದರಿ ಒದರಿ ಗಂಟಲು ಬಿದ್ದು ಬರುತ್ತಿದ್ದುದರಿಂದ ಬೆಳಗಾವಿಯ ಶಿವಬಸವ ನಗರದ ಮನೆಯಲ್ಲಂತೂ ನಾನು ಬಹಳ ಶಾಂತ ಮನುಷ್ಯ ಅಂತ ಹೆಸರು ಮಾಡಿದ್ದೆ. ರವಿವಾರ ಸೂಟಿ ಇದ್ದಾಗ ಮಾತ್ರ ಹೆಂಡತಿಗೆ ಸ್ವಲ್ಪ ತ್ರಾಸಾಗುತ್ತಿತ್ತು.

ಹೊಸ ಶತಮಾನ ಬಂತು ನೋಡಿ, ಎಲ್ಲರಿಗೂ ಎಲ್ಲರನ್ನೂ ಸುಧಾರಿಸುವ ಹುಕಿ ಬಂತು. ಎಲ್ಲ ಏಜೆನ್ಸಿಗಳ ಕಿಟಕಿ ಗುಮಾಸ್ತರೂ ಗ್ರಾಹಕರ ಜೊತೆ ಹೇಗೆ ಮಾತಾಡಬೇಕು ಅಂತ ಟ್ರೇನಿಂಗ್ ತೆಗೆದುಕೊಳ್ಳಬೇಕು ಎಂದು ಮೇಲಿನ ಕಂಪನಿಯಿಂದ ಹುಕುಂ ಬಂತು. ಅದೂ ಹೊಸ ಪದ್ಧತಿ: ಅರ್ಧ ಇಂಟರ್ನೆಟ್ಟಿನಲ್ಲಿ, ಅರ್ಧ ಕ್ಲಾಸಿನಲ್ಲಿ. ನಮ್ಮ ಮಾಲಕರು ಬಸಗೌಡ್ರು ನನ್ನನ್ನು ಕರೆದು, "ಏ ಈರ್ಯಾ, ಪಾಸಾದಿ ಅಂದ್ರ ಈ ಖುರ್ಚಿ ನಿಂದು. ಇಲ್ಲಂದ್ರ ಜಾಂಬೋಟಿ" ಎಂದರು. ಅವರು ಜಾಂಬೋಟಿಯಲ್ಲಿ ಹೊಸದೊಂದು ಕೌಂಟರ್ ತೆರೆಯುವವರಿದ್ದರು. ಜಾಂಬೋಟಿ ಚೆಂದದ ಊರೇ, ಇಲ್ಲ ಅನ್ನುವುದಿಲ್ಲ, ಹೋಗಿ ನೋಡಿ ಬರಲಿಕ್ಕೆ. ಆದರೆ ಆಷಾಢದಲ್ಲಿ ಅಲ್ಲಿ ಒಗೆದು ಹಾಕಿದ ಧೋತರ ಒಣಗಬೇಕಾದರೆ ದಸರಾ ಬರಬೇಕು. ಕೌಂಟರಿಗೆ ಗಿರಾಕಿಗಳೂ ಇಲ್ಲ. ಕಾಡಿನ ಮಂದಿ, ಕಟ್ಟಿಗೆ ಒಲೆಯಲ್ಲೇ ಸುಖವಾಗಿದ್ದಾರೆ. ನನ್ನ ಮೊಣಕಾಲುಗಳೋ ಬೆಳಗಾವಿಯ ತುಂತುರು ಮಳೆಗೇ ಗೋಳಾಡುವಂಥವು. ಹಾಗಾಗಿ ನಾನು ಮನಸ್ಸಿಟ್ಟು ಕಲಿಯಲೇಬೇಕಾಯಿತು.

ಏಜೆನ್ಸಿಗೆ ಇದ್ದದ್ದು ಒಂದೇ ಫೋನ್ ಲೈನು. ಅದನ್ನೇ ಕಂಪ್ಯೂಟರಿಗೆ ಹಚ್ಚಿದರೆ ಅದು ಕುಂಯ್ ಕಿರ್ ಎಂದು ಬಹಳ ಹೊತ್ತು ನರಳಿ, ಆಮೇಲೆ ಇಂಟರ್ನೆಟ್ಟು. ಅಷ್ಟು ಹೊತ್ತೂ ಫೋನ್ ಎಂಗೇಜು. ಮೊದಲನೇ ಪಾಠದ ಹೆಸರು "ಗ್ರಾಹಕರ ಫೋನನ್ನು ತಕ್ಷಣ ಎತ್ತುವ ಬಗೆ." ಆ ಪಾಠದ ಪುಟ ಮೇಲಿಂದ ಕೆಳಗೆ ಎಳೆ ಎಳೆಯಾಗಿ ತೆರೆದುಕೊಳ್ಳುವುದರೊಳಗೆ ಮಧ್ಯಾಹ್ನವಾಯಿತು, ಅಲ್ಲಿಯವರೆಗೆ ಇಡೀ ತಾಲೂಕಿನ ಒಬ್ಬ ಗ್ರಾಹಕನ ಫೋನೂ ನಮಗೆ ಹತ್ತಲಿಲ್ಲ. ಒಬ್ಬ ರೈತ ಸಿಟ್ಟಾಗಿ ಊರಿಂದ ಬಸ್ಸು ಹಿಡಿದು ಬಂದು, "ಮುಂಜಾನಿಂದ ನಿಮ್ಮ ಫೋನ್ ಯಾಕ ಹತ್ತವಲ್ದರಿ?" ಅಂದ. "ಫೋನ್ ಎತ್ತೂದು ಕಲಿಯಾಕತ್ತೀನಿ, ಸುಮ್ಮ ಕುಂದರು" ಅಂದೆ. ಪಾಠದ ಕೊನೆಗೆ ಪ್ರಶ್ನೆಗಳಿದ್ದವು. ಫೋನ್ ಬಂದರೆ ಏನು ಮಾಡುತ್ತೀರಿ? "ತಕ್ಷಣ ಎತ್ತುತ್ತೇನೆ" ಎಂಬುದರ ಮೇಲೆ ಒತ್ತಿದೆ. ಪೂರ್ತಿ ಮಾರ್ಕು ಬಂತು. ಕಂಪ್ಯೂಟರಿನಷ್ಟು ಮನುಷ್ಯರನ್ನು ನಂಬುವ ಪ್ರಾಣಿಯನ್ನು ನಾನು ಬೇರೆ ನೋಡಿಲ್ಲ.

ಇನ್ನು ಕ್ಲಾಸು. ಅದು ರವಿವಾರ, ಬೆಳಗಾವಿಯಲ್ಲಿ. ಕಲಿಸುವ ಮೇಡಂ ಮೈಸೂರು ಕಡೆಯವರು, ಬೈದರೂ ಹಾಲು ಸಕ್ಕರೆ ಬೆರೆಸಿ ಬೈಯುವಂಥವರು. "ನೋಡಿ ಸರ್, ಕಂಪ್ಯೂಟರ್ ತಲೆಗೆ ಕಲಿಸತ್ತೆ, ಕ್ಲಾಸು ನಾಲಿಗೆಗೆ ಕಲಿಸತ್ತೆ. ಎರಡೂ ಸೇರಬೇಕು. ದಿನಾ ಕನ್ನಡಿ ಮುಂದೆ ನಿಂತು ನಗೋದು ಅಭ್ಯಾಸ ಮಾಡಿ" ಅಂದರು. ಮಾಡಿದೆ. ಅಡುಗೆಮನೆಯಿಂದ ಬಂದ ಹೆಂಡತಿ ಸ್ವಲ್ಪ ಹೊತ್ತು ನೋಡಿ, "ದವಡಿ ಹಲ್ಲ ನೋಯಾಕತ್ತಾವೇನ್ರಿ? ಲವಂಗ ಕೊಡ್ಲಿ?" ಎಂದು ಕೇಳಿದಳು. ಕ್ಲಾಸಿನಲ್ಲಿ ಮಾತ್ರ ನನ್ನ ನಗೆಗೂ ಪೂರ್ತಿ ಮಾರ್ಕು ಬಂತು. ಉಳಿದದ್ದು ಕೊನೆಯ ಪರೀಕ್ಷೆ ಒಂದೇ. "ಈ ವಾರ ನಮ್ಮವರೊಬ್ರು ಗ್ರಾಹಕರ ಹಾಗೆ ನಿಮ್ಮ ಕಿಟಕಿಗೆ ಬರ್ತಾರೆ. ಯಾರು, ಯಾವತ್ತು ಅಂತ ಹೇಳಲ್ಲ" ಎಂದು ಮೇಡಂ ನಕ್ಕರು.

ಸೋಮವಾರ ಕಿಟಕಿ ತೆರೆದಾಗ ಮೊದಲು ನಿಂತವಳು ಗಂಗವ್ವ, ನನ್ನ ಬೈಗುಳ ತಿಂದು ತಿಂದೇ ಮೊಮ್ಮಕ್ಕಳನ್ನು ಕಂಡ ಹಳೆಯ ಗಿರಾಕಿ. ಆದರೆ ಅವಳ ಹಿಂದೆ ಇಸ್ತ್ರಿ ಅಂಗಿಯ ಹೊಸ ಮುಖವೊಂದು ನಿಂತಿತ್ತು. ಇವನೇ ಅವನು ಅಂತ ನನ್ನ ಎದೆ ಹೇಳಿತು. ಎದ್ದು ನಿಂತು ಕೈ ಮುಗಿದೆ. "ನಮಸ್ಕಾರ್ರೀ ಯವ್ವಾರ. ಬರ್ರಿ. ನಾನು ತಮಗ ಏನ್ ಸಹಾಯ ಮಾಡ್ಲಿ?"

ಗಂಗವ್ವ ಹಿಂದೆ ಹೊರಳಿ ನೋಡಿದಳು. ಬೇರೆ ಯಾರಿಗೋ ಹೇಳುತ್ತಿದ್ದಾನೆ ಅಂತ ಅವಳ ತಿಳಿವಳಿಕೆ. ಆಮೇಲೆ ಕಿಟಕಿಗೆ ಮುಖ ತಂದು, "ಯಪ್ಪಾ, ಗ್ಯಾಸ್ ಇಲ್ಲೇನೋ?" ಅಂದಳು.

"ಐತ್ರಿ ಯವ್ವಾರ. ಖಂಡಿತ ಐತಿ. ತಾವು ಚಿಂತಿ ಮಾಡಬ್ಯಾಡ್ರಿ" ಎಂದು ಕಲಿತ ನಗೆಯನ್ನು ನಕ್ಕೆ. ಮುದುಕಿಯ ಮುಖ ಬಿಳಿಚಿಕೊಂಡಿತು.

"ಇಲ್ಲಂದ್ರ ಇಲ್ಲ ಅನ್ನೋ ಯಪ್ಪಾ. ಹಿಂಗ ನಗಬ್ಯಾಡ, ಅಂಜಿಕಿ ಬರತೈತಿ."

ಅವಳದೇನು ತಪ್ಪು? ನಮ್ಮ ಕಡೆ ಮಾಲು ಇದ್ದವನು ಗದರುತ್ತಾನೆ, ಇಲ್ಲದವನು ಕೈ ಮುಗಿಯುತ್ತಾನೆ. ರೇಷನ್ ಅಂಗಡಿಯವನು "ಬರ್ರಿ ಅಕ್ಕಾರ" ಅಂದ ದಿನ ಸೀಮೆಎಣ್ಣೆ ಮುಗಿದಿರುತ್ತದೆ. ಅತಿ ವಿನಯಂ ಧೂರ್ತ ಲಕ್ಷಣಂ ಅನ್ನುವುದು ನಮ್ಮ ಮಂದಿಗೆ ಸಂಸ್ಕೃತ ಬಾರದಿದ್ದರೂ ಗೊತ್ತು. ಸಾಲಿನಲ್ಲಿದ್ದ ಒಬ್ಬ ಮರಾಠಿ ಹೆಣ್ಣುಮಗಳು "ಗ್ಯಾಸ್ ಸಂಪ್ಲಾ ವಾಟ್ತಂ" ಎಂದು ಗೊಣಗಿ ಓಣಿಯ ಕಡೆ ಓಡಿದಳು. ಗ್ಯಾಸ್ ಮುಗಿದ ಸುದ್ದಿ ಎರಡೂ ಭಾಷೆಯಲ್ಲಿ ಊರು ಸುತ್ತಿತು. ಸ್ವಲ್ಪ ಹೊತ್ತಿಗೆ ಸೈಕಲ್ಲಿನ ಮೇಲೆ, ತಲೆಯ ಮೇಲೆ, ಎತ್ತಿನ ಗಾಡಿಯಲ್ಲಿ ಖಾಲಿ ಸಿಲಿಂಡರುಗಳು ಬರತೊಡಗಿದವು, ಅರ್ಧ ತುಂಬಿದವೂ ಬಂದವು. ಸಾಲು ಬಸ್‌ಸ್ಟ್ಯಾಂಡ್ ದಾಟಿತು. ಗ್ಯಾಸ್ ಕನೆಕ್ಷನ್ನೇ ಇಲ್ಲದ ಒಬ್ಬನೂ ಸಾಲಿನಲ್ಲಿದ್ದ. ಯಾಕಪ್ಪಾ ಅಂದರೆ, "ಎಲ್ಲಾರೂ ನಿಂತಾರಲ್ರಿ, ಬಿಟ್ಟರ ಹೆಂಗ?" ಅಂದ.

ನಾನು ಒಬ್ಬೊಬ್ಬರಿಗೂ ಕೈ ಮುಗಿದು ಗ್ಯಾಸ್ ಐತಿ ಎಂದು ಹೇಳಿದಷ್ಟೂ ಗದ್ದಲ ಹೆಚ್ಚಾಯಿತು. ಬಸಗೌಡ್ರು ಒಳಗಿಂದ ಬಂದು ನನ್ನ ಕಿವಿಯಲ್ಲಿ, "ಏ ಈರ್ಯಾ, ಏನ್ ಹಚ್ಚೀದಿ ಇದು? ಮದ್ಲಿನಂಗ ಬೈ" ಅಂದರು. ಕಣ್ಣಲ್ಲೇ ಇಸ್ತ್ರಿ ಅಂಗಿಯನ್ನು ತೋರಿಸಿ, "ಪರೀಕ್ಷಾ ನಡದೈತ್ರಿ" ಅಂದೆ. ಅತ್ತ ದರಿ, ಇತ್ತ ಪುಲಿ. ಬೈದರೆ ಜಾಂಬೋಟಿ, ಬೈಯದಿದ್ದರೆ ಇವತ್ತೇ ಕಿಟಕಿ ಕಿತ್ತು ಹೋಗುತ್ತದೆ. ಅಷ್ಟರಲ್ಲಿ ಗಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಾಳೆ ಮೊಮ್ಮಗಳ ತೊಟ್ಟಲ ಕಾರ್ಯ ಐತೋ ಯಪ್ಪಾ. ಬೀಗರು ಬರಾಕತ್ತಾರ. ನೀ ನಕ್ಕರ ನಾ ಹೋಳಿಗಿ ಎದರ ಮ್ಯಾಲ ಮಾಡ್ಲಿ?"

ನನಗೆ ಸಂಕಟವಾಯಿತು. ಕಂಪ್ಯೂಟರು, ಕ್ಲಾಸು, ಮೊಣಕಾಲು ಎಲ್ಲಾ ಮರೆತು ಹೋಯಿತು. ಖುರ್ಚಿ ಹಿಂದೆ ಸರಿಸಿ ಒದರಿದೆ: "ಏ ಆಯಿ, ತಲಿ ಕೆಟ್ಟೈತೇನ ನಿಂದು? ಗೋಡೌನ್ ತುಂಬ ಬಿದ್ದಾವ ಸಿಲಿಂಡರ್. ಸಂಜೀಕ ನಿನ್ನ ಮನಿಗೆ ಬರತೈತಿ, ನಡಿ, ಬ್ಯಾಳಿ ಕುದಸು. ನೀವೆಲ್ಲಾ ಯಾಕ ನಿಂತೀರಿ, ಏನ್ ಜಾತ್ರಿ ಕೂಡೈತೇನು ಇಲ್ಲೆ?"

ಗಂಗವ್ವನ ಮುಖದ ಮೇಲೆ ಕಳೆ ಬಂತು. "ಐತಂತ ನಡೀರಿ, ಬೈದ" ಎಂದು ಹಿಂದಿನವರಿಗೆ ಹೇಳಿದಳು. ಬೈದನಂತೆ, ಬೈದನಂತೆ ಎಂದು ಮಾತು ಸಾಲಿನ ತುದಿಗೆ ಹೋಯಿತು, ಸಾಲು ಕರಗಿತು. ಇಸ್ತ್ರಿ ಅಂಗಿಯವನೂ ಚೀಟಿಯಲ್ಲಿ ಏನೋ ಬರೆದುಕೊಂಡು ಹೋದ. ನಾನು ಮನೆಗೆ ಬಂದು ಗಂಬೂಟು ಎಲ್ಲಿವೆ ಅಂತ ಅಟ್ಟ ಹುಡುಕಿದೆ.

ಮುಂದಿನ ರವಿವಾರ ಕ್ಲಾಸಿನಲ್ಲಿ ಆ ಇಸ್ತ್ರಿ ಅಂಗಿಯವನು ಮೇಡಂ ಪಕ್ಕದಲ್ಲೇ ಕೂತಿದ್ದ. ಬೆಳಗಾವಿಯದೇ ವಡಗಾವಿಯವನಂತೆ, ನಮ್ಮ ಕಡೆಯವನೇ. ಮೇಡಂ ಕೇಳಿದ್ದಕ್ಕೆ ಎದ್ದು ನಿಂತು, "ಸುಳ್ಳ ಯಾಕ ಹೇಳ್ಲಿ ಮೇಡಂ, ಇವರು ಕೈ ಮುಗದ ಕೂಡ್ಲೆ ನಮ್ಮ ಮನಿ ಗ್ಯಾಸ್ ಎಷ್ಟ ಉಳದೈತಿ ಅಂತ ನನಗೂ ಎದಿ ಹಾರಿತ್ರಿ. ಬೈದ ಮ್ಯಾಲ ಜೀವಕ್ಕ ಸಮಾಧಾನ ಆತು" ಅಂದ. ಮೇಡಂ ಹಣೆ ಒತ್ತಿಕೊಂಡು ಕಿಟಕಿಯ ಪರೀಕ್ಷೆಗೆ ಸೊನ್ನೆ ಕೊಟ್ಟರು. ಆದರೆ ಇಂಟರ್ನೆಟ್ಟಿನಲ್ಲೂ ಕ್ಲಾಸಿನಲ್ಲೂ ನನಗೆ ಪೂರ್ತಿ ಮಾರ್ಕು ಇದ್ದವಲ್ಲ, ಮೂರನ್ನೂ ಕೂಡಿಸಿದರೆ ಪಾಸು. ಎರಡು ಪದ್ಧತಿ ಬೆರೆಸಿ ಕಲಿಸುವುದರಲ್ಲಿ ಎಂಥ ದೊಡ್ಡ ಗುಣವಿದೆ ಅಂತ ನನಗೆ ಆಗ ತಿಳಿಯಿತು.

ಸೋಮವಾರ ಪೇಢೆಯ ಪೊಟ್ಟಣ ಹಿಡಿದು ಏಜೆನ್ಸಿಗೆ ಹೋದೆ. ಖುರ್ಚಿ ಉಳಿಯಿತು ಅಂತ ಹೆಂಡತಿ ಶಿರಾ ಬೇರೆ ಮಾಡಿ ಕಳಿಸಿದ್ದಳು. ಇಷ್ಟು ವರ್ಷ ನನ್ನನ್ನು "ಏ ಈರ್ಯಾ" ಬಿಟ್ಟು ಬೇರೆ ಕರೆದವರಲ್ಲ ಬಸಗೌಡ್ರು. ನನ್ನನ್ನು ಕಂಡವರೇ ಎದ್ದು ನಿಂತರು.

"ಬರ್ರಿ ಈರಣ್ಣಾರ, ಬರ್ರಿ. ಕುಂದರ್ರಿ. ಚಹಾ ತಗೋತೀರಲ್ರಿ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?" ಎಂದು ಹಲ್ಲು ಕಾಣುವ ಹಾಗೆ ನಕ್ಕರು.

ನಾನು ಪೇಢೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, "ಜಾಂಬೋಟಿಗೆ ಮದ್ಲನೇ ಬಸ್ ಎಷ್ಟಕ್ಕ ಐತ್ರಿ ಮಾಲಕರ?" ಎಂದು ಕೇಳಿದೆ.