ತಂತಿ ಕಟ್ಟಿದ ದೋಣಿ

ನನ್ನ ಮೈದುನನಿಗೆ ಕಬ್ಬಿಣದ ಮೇಲಿರುವ ಕರುಣೆಯಲ್ಲಿ ಕಾಲುಭಾಗ ಮನುಷ್ಯರ ಮೇಲಿದ್ದಿದ್ದರೂ ಇಷ್ಟು ಹೊತ್ತಿಗೆ ಊರವರು ಅವನ ಪಾದಪೂಜೆ ಮಾಡುತ್ತಿದ್ದರು! ನಾನು ಜ್ವರದಲ್ಲಿ ನಾಲ್ಕು ದಿನ ಮಲಗಿದ್ದಾಗ ಬಾಗಿಲಲ್ಲಿ ನಿಂತು "ಹೇಗಿದ್ದೀರಿ ಅತ್ತಿಗೆ?" ಎಂದ. ಉತ್ತರ ಕೇಳಲು ನಿಲ್ಲಲಿಲ್ಲ. ಬಾಗಿಲ ಚಿಲಕ ತುಕ್ಕು ಹಿಡಿದದ್ದು ಕಣ್ಣಿಗೆ ಬಿತ್ತಲ್ಲ, ಎಣ್ಣೆ ತರಲು ಓಡಿದ.

ಇವನು ನನ್ನ ಗಂಡನ ತಮ್ಮ. ಪ್ರಾಯದಲ್ಲಿ ಮಲ್ಪೆಗೆ ಹೋಗಿ ಮೀನಿನ ಬೋಟುಗಳ ರಿಪೇರಿ ಕಲಿತು ಬಂದ. ಆಮೇಲೆ ನರಸಿಂಹರಾಜಪುರದ ಕಡೆ, ಭದ್ರಾ ಹಿನ್ನೀರಿನಲ್ಲಿ ಜನರನ್ನು ದಾಟಿಸಲು ಎಂಜಿನ್ನಿನ ಒಂದು ಕಬ್ಬಿಣದ ದೋಣಿ ಇಟ್ಟುಕೊಂಡ. ಬೇರೆ ಕೆಲಸ ಅವನಿಗೆ ಬಾರದು. ಆ ದೋಣಿ ಹೋದರೆ ಇನ್ನೊಂದು ಮಾಡಿಸುವ ಪ್ರಾಯವೂ ಅಲ್ಲ, ತ್ರಾಣವೂ ಇಲ್ಲ. ಆಚೆ ದಡದಲ್ಲಿ ನನ್ನ ತಂಗಿಯ ಮನೆ. ಬಸ್ಸಿನಲ್ಲಿ ಸುತ್ತಿಕೊಂಡು ಹೋದರೆ ಅರ್ಧ ದಿನ, ಇವನ ದೋಣಿಯಲ್ಲಿ ಅರ್ಧ ಗಂಟೆ. ಹಾಗಾಗಿ ನಾನು ಅವನ ಖಾಯಂ ಗಿರಾಕಿ ಮತ್ತು ಖಾಯಂ ಶತ್ರು.

ಆ ದೋಣಿಯೊಳಗೆ ನೀವೊಮ್ಮೆ ಇಣುಕಬೇಕಿತ್ತು! ಎಂಜಿನ್ನು, ಚುಕ್ಕಾಣಿ, ಡೀಸೆಲ್ ಟ್ಯಾಂಕು, ಕೈ ಹಿಡಿಯುವ ಕಂಬಿ, ಹಿಂದೆ ನೀರು ತಳ್ಳುವ ಹಿತ್ತಾಳೆ ಫ್ಯಾನಿನ ದಂಡ, ಎಲ್ಲದಕ್ಕೂ ತಾಮ್ರದ ತಂತಿಯ ನಂಟು. ಸುಟ್ಟುಹೋದ ನನ್ನ ಗ್ರೈಂಡರಿನ ಕರುಳೂ ಅದರಲ್ಲಿತ್ತು.

"ಇದೆಂತದ್ದು ಮಾರಾಯ? ಬಟ್ಟೆ ಒಣಗಿಸ್ತೀಯಾ ಇಲ್ಲಿ?"

"ಬೇರೆ ಬೇರೆ ಲೋಹ ನೀರಲ್ಲಿದ್ರೆ ಒಂದನ್ನೊಂದು ತಿಂತಾವೆ ಅತ್ತಿಗೆ. ಹಿತ್ತಾಳೆ ಜೋರು, ಕಬ್ಬಿಣ ಪಾಪ. ಎಲ್ಲಾನೂ ತಂತೀಲಿ ಕಟ್ಟಿ ಕೆಳಗಿನ ಗಟ್ಟಿಗೆ ಜೋಡಿಸಿದ್ರೆ, ತಿನ್ನೋದು ಆ ಗಟ್ಟಿಯನ್ನ ಮಾತ್ರ. ದೋಣಿ ಉಳೀತದೆ."

"ಒಟ್ಟಿಗೆ ಕಟ್ಟಿಹಾಕಿದವರೇ ಒಬ್ರನ್ನೊಬ್ರು ಜಾಸ್ತಿ ತಿನ್ನೋದು. ಮದುವೆ ಆಗದವ, ನಿಂಗೆಂತ ಗೊತ್ತು!"

ಗಟ್ಟಿ ಎಂದರೆ ದೋಣಿಯ ತಳಕ್ಕೆ ಹೊರಗಿನಿಂದ ತಿರುಪು ಹಾಕಿ ಕೂರಿಸಿದ, ಅಚ್ಚುಬೆಲ್ಲದಷ್ಟು ದೊಡ್ಡ ಬಿಳಿ ಲೋಹ. ಮೆಗ್ನೀಷಿಯಂ ಅಂತೆ. ಸಮುದ್ರಕ್ಕಾದರೆ ಸತುವಂತೆ, ಸಿಹಿನೀರಿಗೆ ಇದೇ ಆಗಬೇಕಂತೆ. ಇನ್ನೂ ಏನೇನೋ ಹೇಳಿದ. ಅವನ ಮಾತನ್ನು ಕೊನೆಯತನಕ ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ನಾನಂತೂ ಆಗ, ಉದ್ದು ನೆನೆಹಾಕಿ ಬಂದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಮದುವೆ ಯಾಕಾಗಲಿಲ್ಲ ಅಂತೀರಾ? ಶೃಂಗೇರಿ ಕಡೆ ಒಂದು ಹುಡುಗಿ ನೋಡಲು ನಾನೇ ಕರೆದುಕೊಂಡು ಹೋಗಿದ್ದೆ. ಕೈತೊಳೆಯಲು ಎದ್ದವನು ಅರ್ಧ ಗಂಟೆಯಾದರೂ ಬರಲಿಲ್ಲ. ಬಚ್ಚಲಿನಲ್ಲಿ ಬಗ್ಗಿ ನಿಂತು ನಲ್ಲಿಯನ್ನೇ ನೋಡುತ್ತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, "ಹುಡುಗಿ ಹೇಗೆ?"

"ಕಬ್ಬಿಣದ ಪೈಪಿಗೆ ಹಿತ್ತಾಳೆ ನಲ್ಲಿ ಹಾಕಿದ್ದಾರೆ ಅತ್ತಿಗೆ. ಎರಡು ವರ್ಷ ಬಾಳಲ್ಲ."

ಎರಡು ವರ್ಷಕ್ಕೆ ಸರಿಯಾಗಿ ಪೈಪು ತಿಂದುಹೋಗಿ ನಲ್ಲಿ ಕಿತ್ತುಬಂತಂತೆ. ಅಷ್ಟರಲ್ಲಿ ಆ ಹುಡುಗಿ ಬೇರೆಯವನನ್ನು ಮದುವೆಯಾಗಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಇವನನ್ನು ತಿದ್ದುವ ಆಸೆಯನ್ನು ನಾನು ಅವತ್ತೇ ಬಿಟ್ಟೆ.

ಇನ್ನೊಂದು ಸಲ ತಂಗಿ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಹೊಸ ತಾಮ್ರದ ಕೊಡ ಒಯ್ಯುತ್ತಿದ್ದೆ. ದೋಣಿಯಲ್ಲಿ ಕೆಳಗಿಟ್ಟೆ ನೋಡಿ, ಚೇಳು ಕಚ್ಚಿದವನ ಹಾಗೆ ಕೂಗಿಕೊಂಡ!

"ಎತ್ತಿ ಅತ್ತಿಗೆ, ಎತ್ತಿ! ಒದ್ದೆ ಕಬ್ಬಿಣದ ಮೇಲೆ ತಾಮ್ರ ಇಡೋದಾ?"

"ಅರ್ಧ ಗಂಟೇಲಿ ನಿನ್ನ ದೋಣಿಯನ್ನ ಈ ಕೊಡ ನುಂಗ್ತದಾ?"

"ಇವತ್ತು ನೀವು, ನಾಳೆ ಇನ್ನೊಬ್ರು. ಕಬ್ಬಿಣಕ್ಕೆ ಹೇಳಲಿಕ್ಕೆ ಬಾಯಿಲ್ಲ."

ಆಚೆ ದಡ ಬರುವ ತನಕ ಕೊಡವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಎದುರು ಕೂತ ಹಾಲಿನ ಡಬ್ಬಿಯವನು "ಅಮ್ಮ, ಮೊಮ್ಮಗನಾ?" ಎಂದ. ದೋಣಿಗೆ ದೋಣಿಯೇ ನಕ್ಕಿತು.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದೋಣಿಯನ್ನು ದಡಕ್ಕೆ ಎಳೆದು, ತಳ ಉಜ್ಜಿ, ಕೆಂಪು ಬಣ್ಣ ಬಳಿಯುತ್ತಾನೆ. ಹೋದ ವರ್ಷದ ಬೇಸಿಗೆಯಲ್ಲಿ ನಾನು ಊಟ ಒಯ್ದಾಗ ಅವನಿರಲಿಲ್ಲ, ತಿರುಪು ತರಲು ಕೊಪ್ಪಕ್ಕೆ ಹೋಗಿದ್ದ. ಇಡೀ ತಳ ಕುಂಕುಮದ ಹಾಗೆ ಹೊಳೆಯುತ್ತಿತ್ತು. ಆ ಗಟ್ಟಿಯೊಂದು ಮಾತ್ರ ಬೋಳು! ಸೊಂಟ ನೋವಿನವನು, ಬಗ್ಗಲಾಗದೆ ಬಿಟ್ಟಿರಬೇಕು ಅಂದುಕೊಂಡೆ. ಬ್ರಷ್ಷು ಅಲ್ಲೇ ಇತ್ತು. ಸೆರಗು ಸಿಕ್ಕಿಸಿ, ಮಣ್ಣಿನಲ್ಲಿ ಅಂಗಾತ ಮಲಗಿ, ಒಂದು ಕೋಟು ಬಳಿದೆ. ಒಣಗಿದ ಮೇಲೆ ಇನ್ನೊಂದು ಬಳಿದೆ. ಅವನು ಬರುವ ಮೊದಲೇ ಮನೆಗೆ ಬಂದೆ. ಮಾಡಿದ ಉಪಕಾರವನ್ನು ಹೇಳಿಕೊಳ್ಳುವ ಜಾತಿ ನಾನಲ್ಲ. ಅವನು ಕೊಪ್ಪದಿಂದ ಬಂದದ್ದು ಕತ್ತಲಾದ ಮೇಲೆ, ಮಾರನೆಯ ದಿನ ನಸುಕಿನಲ್ಲೇ ನೀರಿಗಿಳಿಸಿದರು. ಮತ್ತೆ ಆ ತಳವನ್ನು ನೋಡುವವರು ಯಾರು?

ಈ ಬೇಸಿಗೆಯಲ್ಲಿ ನೀರು ಇಳಿಯಿತು, ದೋಣಿ ದಡಕ್ಕೆ ಬಂತು. ಎಂದಿನಂತೆ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟ. ಮೂರನೆಯ ಪೆಟ್ಟಿಗೆ ಸುತ್ತಿಗೆಯೇ ಒಳಗೆ ಹೋಯಿತು. ಬಣ್ಣ ಗೀರಿದಲ್ಲೆಲ್ಲ ಗುಳಿ, ಗುಳಿ ತಟ್ಟಿದಲ್ಲೆಲ್ಲ ತೂತು. ಬಾಳಗಡಿಯಿಂದ ಬಂದ ವೆಲ್ಡಿಂಗಿನವನು ಸುತ್ತ ಒಂದು ಸಲ ನೋಡಿ ತಲೆ ಅಲ್ಲಾಡಿಸಿದ. "ಎಲ್ಲಿಗೆ ಅಂತ ತೇಪೆ ಹಾಕೋದು? ಗುಜರಿಗೇ ಸೈ." ಮತ್ತೆ ಬಗ್ಗಿ, ಉಗುರಿನಿಂದ ಆ ಗಟ್ಟಿಯನ್ನು ಕೆರೆದ. ಬಣ್ಣದಡಿ ಅದು ಹೊಸದರ ಹಾಗೇ ಇತ್ತು, ಒಂದು ಚೂರೂ ಸವೆದಿರಲಿಲ್ಲ.

"ಅಯ್ಯೋ, ಇದಕ್ಕೆ ಬಣ್ಣ ಬಳಿದವರು ಯಾರು ಮಾರಾಯ್ರೆ? ಬಳಿದ್ರೆ ನೀರು ತಾಗದೆ ಇದು ಇದ್ದೂ ಸತ್ತ ಹಾಗೆ. ಸಾಲದ್ದಕ್ಕೆ ಹಿತ್ತಾಳೆಯನ್ನ ಕಬ್ಬಿಣಕ್ಕೆ ತಂತೀಲಿ ಬಿಗಿದಿದ್ದೀರಿ, ಅದು ಕಬ್ಬಿಣವನ್ನೇ ತಿಂದು ಕೂತಿದೆ."

ಮೈದುನ ನನ್ನ ಕಡೆ ತಿರುಗಲಿಲ್ಲ.

"ನಾನೇ," ಎಂದ. "ಕಣ್ಣು ಸರಿ ಕಾಣಲ್ಲ ಈಗ."

ಅಲ್ಲಿದ್ದವರೆಲ್ಲ ನಕ್ಕರು. ಊರಿಗೆಲ್ಲ ಪಾಠ ಹೇಳಿದವನು ಅವನೇ ತಪ್ಪಿದ ಎಂದರು. ಯಾರಿಗೂ ಹೆದರದ ನನ್ನ ಬಾಯಿ, ಹಾಳಾದ್ದು, ಅವತ್ತು ತೆರೆಯಲೇ ಇಲ್ಲ.

ಮನೆಗೆ ಬಂದು ಗಂಜಿ ಬಡಿಸುವಾಗ ಹೇಳಿದೆ. "ಬಳಿದದ್ದು ನಾನು."

"ಗೊತ್ತು ಅತ್ತಿಗೆ."

"ಹೇಗೆ ಗೊತ್ತು?"

"ಎಲ್ಲೂ ಒಂದು ಗೆರೆ ಬಿದ್ದಿಲ್ಲ, ಒಂದು ಹನಿ ಇಳಿದಿಲ್ಲ. ಅಷ್ಟು ಚಂದ ನಂಗೆಲ್ಲಿ ಬಳೀಲಿಕ್ಕೆ ಬರ್ತದೆ?" ಎಂದು ಉಪ್ಪಿನಕಾಯಿ ಕೇಳಿದ.

ದೋಣಿಯನ್ನು ತುಂಡು ಮಾಡಿ ಲಾರಿಗೆ ತುಂಬಿದರು. ಈಗ ದಿನಾ ಬೆಳಿಗ್ಗೆ ಎದ್ದು ದಡಕ್ಕೆ ಹೋಗುತ್ತಾನೆ, ಸುಮ್ಮನೆ ಕೂತು ಬರುತ್ತಾನೆ. ದಾರಿಯಲ್ಲಿ ಸಿಕ್ಕವರು ಇವತ್ತಿಗೂ "ಬಣ್ಣ ಬಳಿದ್ರಾ?" ಎಂದು ಕೇಳುತ್ತಾರೆ. ಅವನೂ ನಗುತ್ತಾನೆ.

ಹಾಗೆ ಕೇಳುವವರೆಲ್ಲ ಇದನ್ನು ಓದಿ. ಬಳಿದವಳು ನಾನು. ಎರಡು ಕೋಟು.